ನಡೆಯುವವರನ್ನು ಎಣಿಸದ ರೈಲ್ವೆ ಗೇಟು

ರೈಲ್ವೆ ಗೇಟಿಗೊಂದು ಲೆಕ್ಕವಿದೆ. 24 ಗಂಟೆಯಲ್ಲಿ ಅಲ್ಲಿ ಎಷ್ಟು ರೈಲು ಓಡುತ್ತವೆ, ಎಷ್ಟು ವಾಹನ ಹಳಿ ದಾಟುತ್ತವೆ ಎಂದು ಎಣಿಸಿ, ಎರಡನ್ನೂ ಗುಣಿಸುತ್ತಾರೆ. ಇಲಾಖೆಯವರ ಬಾಯಲ್ಲಿ ಇದು ಟಿವಿಯು. ಕಾರು, ಲಾರಿ, ಎತ್ತಿನ ಗಾಡಿಗೆ ತಲಾ ಒಂದು. ಆಟೊಗೆ ಅರ್ಧ, ಬೈಕಿಗೆ ಕಾಲು. 50 ರೈಲು, 2,000 ವಾಹನವಾದರೆ 1 ಲಕ್ಷ. ರಾಜ್ಯ ಸರ್ಕಾರದೊಂದಿಗೆ ಖರ್ಚು ಹಂಚಿಕೊಂಡು ಮೇಲ್ಸೇತುವೆ ಕಟ್ಟಲು ರೈಲ್ವೆ ಬಹುಕಾಲ ನೋಡಿದ್ದು ಈ 1 ಲಕ್ಷವನ್ನೇ. ಹುಲ್ಲಿನ ಹೊರೆ ಹೊತ್ತು ದಾಟುವ ಹೆಂಗಸು, ನಡೆದೇ ಶಾಲೆಗೆ ಹೋಗುವ ಮಕ್ಕಳು ಈ ಗುಣಾಕಾರದೊಳಗೆ ಬರುವುದೇ ಇಲ್ಲ.

ಗೇಟು ಹುಟ್ಟಿದ್ದೇ ಗಾಡಿಗಳನ್ನು ತಡೆಯಲು. ನಡೆಯುವವರು ಪಕ್ಕದ ಕಿರುಬಾಗಿಲಿನಲ್ಲಿ ನುಸುಳಿಯೋ ಅಡ್ಡಪಟ್ಟಿಯ ಕೆಳಗೆ ಬಗ್ಗಿಯೋ ದಾಟುತ್ತಿದ್ದರು. ಕಾವಲಿಲ್ಲದ ಗೇಟುಗಳಲ್ಲಂತೂ ಹೊಣೆಯೆಲ್ಲ ದಾಟುವವರದೇ. 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಮು ಅಲ್ಲಿ ವಾಹನ ನಿಲ್ಲಿಸಬೇಕು, ಕಂಡಕ್ಟರೋ ಜೊತೆಗಿದ್ದವರೋ ಇಳಿದು ಹೋಗಿ ರೈಲು ಬರುತ್ತಿಲ್ಲವೆಂದು ನೋಡಬೇಕು ಎನ್ನುತ್ತದೆ. ವೇಗದ ರೈಲು ನಿಲ್ಲಲು ಒಂದು ಕಿಲೋಮೀಟರಿನಷ್ಟು ದೂರ ಬೇಕು; ಚಾಲಕ ಕಂಡ ಮೇಲೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

2012ರಲ್ಲಿ ರೈಲ್ವೆ ಸುರಕ್ಷತೆ ಕುರಿತ ಅನಿಲ್ ಕಾಕೋಡ್ಕರ್ ಸಮಿತಿ ಐದು ವರ್ಷದಲ್ಲಿ ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನೂ ತೆಗೆದುಬಿಡಿ ಎಂದಿತು. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶೀನಗರದ ಕಾವಲಿಲ್ಲದ ಗೇಟಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಸತ್ತರು. ಆಮೇಲೆ ಕೆಲಸ ಓಡಿತು. 2019ರ ಜನವರಿ ಮುಗಿಯುವಷ್ಟರಲ್ಲಿ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟು ಒಂದೂ ಉಳಿದಿರಲಿಲ್ಲ. ಇದು ದೊಡ್ಡ ಸಾಧನೆ, ಎಷ್ಟೋ ಜೀವ ಉಳಿದಿವೆ.

ಆದರೆ ಗೇಟು ಹೋದ ಜಾಗದಲ್ಲಿ ಬಂದದ್ದೇನು? ಕೆಲವು ಕಡೆ ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವ ಅಂಡರ್‌ಪಾಸ್. ಕೆಲವು ಕಡೆ ಫುಟ್‌ಪಾತೇ ಇಲ್ಲದ ಮೇಲ್ಸೇತುವೆ. ಪಾದಚಾರಿ ಸೇತುವೆಯಾದರೂ 25,000 ವೋಲ್ಟ್ ತಂತಿಯನ್ನು ದಾಟಿ 20 ಅಡಿಗೂ ಮಿಕ್ಕಿ ಮೇಲೇರಬೇಕು. ಮಂಡಿನೋವಿನ ಅಜ್ಜಿಗೆ, ಗಾಲಿಕುರ್ಚಿಯವರಿಗೆ ಅದು ಇದ್ದೂ ಇಲ್ಲ. ಹಾಗಾಗಿ ಜನ ಹಳೆಯ ಜಾಗದಲ್ಲೇ ಹಳಿ ದಾಟುತ್ತಾರೆ. ಕಾನೂನಿನ ಕಣ್ಣಿಗೆ ಅದು ಅತಿಕ್ರಮಣ: ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ. ಹೀಗೆ ಹಳಿಯ ಮೇಲೆ ಸಾಯುವವರು ವರ್ಷಕ್ಕೆ ಸುಮಾರು 15,000 ಎಂದು ಅದೇ ಕಾಕೋಡ್ಕರ್ ಸಮಿತಿ ಅಂದಾಜಿಸಿತ್ತು. ಅವರೆಲ್ಲ ಅವಸರದವರು, ಬೇಜವಾಬ್ದಾರಿಗಳು ಎಂದು ಕೈತೊಳೆದುಕೊಳ್ಳುವುದು ಅನ್ಯಾಯ. ಅವರಲ್ಲಿ ಎಷ್ಟೋ ಮಂದಿಗೆ ಬೇರೆ ದಾರಿಯೇ ಇರಲಿಲ್ಲ.

ನಿಮ್ಮೂರಿನ ಗೇಟು ಮುಚ್ಚುವ ಪ್ರಸ್ತಾಪ ಬಂದರೆ ಬೇಡವೆನ್ನಬೇಡಿ. ನಕ್ಷೆ ಕೇಳಿ. ಮೆಟ್ಟಿಲಿನ ಜೊತೆಗೆ ಇಳಿಜಾರು ದಾರಿ ಇದೆಯೇ, ಮಳೆನೀರು ಎಲ್ಲಿಗೆ ಹರಿದುಹೋಗುತ್ತದೆ, ರಾತ್ರಿ ದೀಪ ಇರುತ್ತದೆಯೇ, ಶಾಲೆಯ ಮಕ್ಕಳು ಎಷ್ಟು ದೂರ ಸುತ್ತಬೇಕು ಎಂದು ಕೇಳಿ. ವಾಹನ ಎಣಿಸಲು ಬಂದವರಿಗೆ ನಡೆಯುವವರನ್ನೂ ಎಣಿಸಲು ಹೇಳಿ.