ಚಾನ್ಸರಿ ಇಟಾಲಿಕ್: ಸ್ವರೂಪ ಮತ್ತು ಬಳಕೆ

ಸಂಶೋಧನ ಬರೆಹಗಳಲ್ಲಿ ಗ್ರಂಥನಾಮಗಳನ್ನೂ ಕನ್ನಡ ಪಾಠಗಳ ರೋಮನ್ ಲಿಪ್ಯಂತರವನ್ನೂ ಓರೆಯಕ್ಷರಗಳಲ್ಲಿ ಅಚ್ಚುಮಾಡುವುದು ರೂಢಿ. ಈ ಅಕ್ಷರಗಳ ಹುಟ್ಟನ್ನೂ ಗುಣವನ್ನೂ ಅರಿತರೆ ಅವುಗಳ ಬಳಕೆಯ ಮಿತಿಯೂ ನಮಗೆ ಸ್ಪಷ್ಟವಾಗುತ್ತದೆ.

ಇಟಾಲಿಕ್ ಮೂಲತಃ ಒಂದು ಕೈಬರೆಹ. ಹದಿನೈದನೆಯ ಶತಮಾನದ ಆರಂಭದಲ್ಲಿ ಫ್ಲಾರೆನ್ಸಿನ ವಿದ್ವಾಂಸ ನಿಕೊಲೊ ನಿಕೊಲಿ ಪ್ರಾಚೀನ ಗ್ರಂಥಗಳನ್ನು ಪ್ರತಿಮಾಡಲು ರೂಢಿಸಿಕೊಂಡ ಶೀಘ್ರಗತಿಯ ಬರೆಹದಲ್ಲಿ ಅದರ ಬೇರುಗಳಿವೆ. ಪೋಪರ ಕಾರ್ಯಾಲಯವಾದ ಚಾನ್ಸರಿಯಲ್ಲಿ ಅದು ಬಳಕೆಗೊಂಡುದರಿಂದ ಆ ಹೆಸರು ನಿಂತಿತು. 1501ರಲ್ಲಿ ವೆನಿಸ್ಸಿನ ಆಲ್ಡಸ್ ಮನೂಟಿಯಸ್, ಫ್ರಾನ್ಸೆಸ್ಕೊ ಗ್ರಿಫೊ ಕೊರೆದ ಮೊಳೆಗಳಿಂದ ವರ್ಜಿಲನ ಕೃತಿಗಳನ್ನು ಕೈಹೊತ್ತಗೆಯಾಗಿ ಅಚ್ಚುಮಾಡಿದನು. ಅಲ್ಲಿ ಇಡೀ ಪಠ್ಯವೇ ಇಟಾಲಿಕ್; ದೊಡ್ಡಕ್ಷರಗಳು ಮಾತ್ರ ನೆಟ್ಟಗಿದ್ದುವು. 1522ರ ತೇದಿಯನ್ನು ಹೊತ್ತ, ಲುಡೊವಿಕೊ ಆರಿಘಿಯ 'ಲಾ ಒಪೆರಿನಾ' ಈ ಬರೆಹವನ್ನು ಕಲಿಸುವ ಕೈಪಿಡಿ. ಜರ್ಮನಿಯ ಹರ್ಮನ್ ಜಾಫ್ ರೂಪಿಸಿದ, 1979ರಲ್ಲಿ ಹೊರಬಂದ 'ಜಾಫ್ ಚಾನ್ಸರಿ' ಇದೇ ಪರಂಪರೆಯದು. 1980ರ ದಶಕದ ಲೇಸರ್ ಮುದ್ರಕಗಳಲ್ಲಿ ಅದು ಅಡಕವಾಗಿ ಬಂದುದರಿಂದ ಬಹುಬೇಗ ಹರಡಿತು.

ಓರೆತನವೇ ಈ ಅಕ್ಷರದ ಜೀವಾಳವೆಂದು ಭಾವಿಸಲಾಗದು. ಅಗಲ ಮೊನೆಯ ಲೇಖನಿಯನ್ನು ಒಂದೇ ಕೋನದಲ್ಲಿ ಹಿಡಿದು ಬರೆದಾಗ ಗೆರೆಯು ಒಂದು ದಿಕ್ಕಿನಲ್ಲಿ ದಪ್ಪವಾಗಿ, ಇನ್ನೊಂದು ದಿಕ್ಕಿನಲ್ಲಿ ತೆಳುವಾಗಿ ಮೂಡುತ್ತದೆ. ಅಕ್ಷರಗಳು ಒತ್ತಾಗಿ ನಿಲ್ಲುತ್ತವೆ; ಮೇಲಕ್ಕೂ ಕೆಳಕ್ಕೂ ಚಾಚಿದ ಗೆರೆಗಳ ತುದಿ ಬಳುಕುತ್ತದೆ. ಆದುದರಿಂದ ಇದು ಪದ್ಯಕ್ಕೆ, ಬಿನ್ನವತ್ತಳೆಗೆ, ಆಮಂತ್ರಣಕ್ಕೆ, ಶೀರ್ಷಿಕೆಗೆ ಒಪ್ಪುತ್ತದೆ. ದೀರ್ಘ ಗದ್ಯದಲ್ಲಿ ಕಣ್ಣನ್ನು ದಣಿಸುತ್ತದೆ. ಬರಿಯ ದೊಡ್ಡಕ್ಷರಗಳಲ್ಲಿ ಜೋಡಿಸಿದರೆ ಓದಲೇ ತೊಡಕು.

ಕನ್ನಡದಲ್ಲಿ ನೆಟ್ಟಗಿನ ಅಕ್ಷರಕ್ಕೆ ಜತೆಯಾಗಿ ಬಳಸುವ ಇಂಥ ಪ್ರತ್ಯೇಕ ಬರೆಹ ಬೆಳೆದುಬಂದಿಲ್ಲ. ಗಣಕಯಂತ್ರವು ಇದ್ದ ಅಕ್ಷರವನ್ನೇ ಓರೆಗೊಳಿಸಿದಾಗ ತಲೆಕಟ್ಟು ಬಲಕ್ಕೆ ವಾಲುತ್ತದೆ, ಕೆಳಗಣ ಒತ್ತಕ್ಷರ ಎಡಕ್ಕೆ ಸರಿಯುತ್ತದೆ. ಇದರಿಂದ ಲಭಿಸುವುದು ಸೊಬಗಲ್ಲ, ವಿಕಾರ. ಕನ್ನಡ ಪಾಠದಲ್ಲಿ ಗ್ರಂಥನಾಮಕ್ಕೆ ಉದ್ಧರಣ ಚಿಹ್ನೆಯೂ ಮೂಲಪದ್ಯಕ್ಕೆ ದಪ್ಪಕ್ಷರವೂ ಸಾಕು.

ಲಿಪ್ಯಂತರದಲ್ಲಿ ಎಚ್ಚರ ಇನ್ನೂ ಅಗತ್ಯ. ಮುದ್ರಕಗಳೊಡನೆ ಬಂದ ಜಾಫ್ ಚಾನ್ಸರಿಯಲ್ಲಿ ಅಡಿಚುಕ್ಕಿ, ಅಡಿಗೆರೆಗಳ ರೋಮನ್ ಅಕ್ಷರಗಳಿರಲಿಲ್ಲ. ಚುಕ್ಕಿ ಬಿಟ್ಟುಹೋದರೆ 'ಕೊಳ್' ಎಂಬುದು 'ಕೊಲ್' ಆಗುತ್ತದೆ, ತೆಗೆದುಕೊಂಡವನು ಕೊಂದವನಾಗುತ್ತಾನೆ. ಅಡಿಗೆರೆ ಬಿಟ್ಟುಹೋದರೆ ಮುಳುಗು ಎಂಬರ್ಥದ 'ಆೞ್' ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ಕನ್ನಡ ಲಿಪಿಯನ್ನು ಬಲ್ಲ ಓದುಗರು ಸಂದರ್ಭದಿಂದ ತಿದ್ದಿಕೊಂಡಾರು. ಹೊರನಾಡಿನಲ್ಲಿ ರೋಮನ್ ರೂಪವೊಂದನ್ನೇ ನೆಚ್ಚಿ ಶಾಸನಪಾಠವನ್ನು ಓದುವ ಸಂಶೋಧಕರಿಗೆ ಆ ಅವಕಾಶವಿಲ್ಲ. ಆದಕಾರಣ ಅಚ್ಚಿಗೆ ಅಕ್ಷರವನ್ನು ಆರಿಸುವಾಗ ನಾವು ಳ, ೞ, ಱ, ಣಗಳ ಲಿಪ್ಯಂತರ ರೂಪಗಳನ್ನು ಮೊದಲು ಪರೀಕ್ಷಿಸಬೇಕು. ಸೊಬಗಿನ ವಿಚಾರ ಆಮೇಲಿನದು.