ಘಾಟ್ಕೋಪರಿಗೆ ಅಡ್ಡಹಳಿ ಬಂದ ಕತೆ

ಘಾಟ್ಕೋಪರಿನಿಂದ ಅಂಧೇರಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಎಂಟು ಕಿಲೋಮೀಟರ್ ಕೂಡ ಇಲ್ಲ. ಆದರೂ 2014ರ ತನಕ ಲೋಕಲ್ ಟ್ರೈನಿನಲ್ಲೇ ಹೋಗಬೇಕೆಂದವರು ಮೊದಲು ದಕ್ಷಿಣಕ್ಕೆ, ದಾದರಿಗೆ ಹೋಗುತ್ತಿದ್ದರು. ಅಲ್ಲಿ ಸೆಂಟ್ರಲ್ ಬಿಟ್ಟು, ಬ್ರಿಜ್ಜು ಹತ್ತಿ ಇಳಿದು, ವೆಸ್ಟರ್ನ್ ಲೈನಿನ ಗಾಡಿ ಹಿಡಿದು ಮತ್ತೆ ಉತ್ತರಕ್ಕೆ ಬರಬೇಕಿತ್ತು. ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ಸುತ್ತು. ಆ ಸುತ್ತು ಬೇಡವೆಂದರೆ ಬೆಸ್ಟ್‌ನ 340 ನಂಬರಿನ ಬಸ್ಸು. ಅಸಲ್ಫಾ, ಸಾಕಿನಾಕಾ, ಮರೋಳ್ ಎಂದು ಒಂದೊಂದು ನಾಕಾದಲ್ಲೂ ನಿಂತು ನಿಂತು ಹೋಗುವ ದಾರಿ. ಸಾಕಿನಾಕಾದ ಜಾಮ್‌ನಲ್ಲಿ ಸಿಕ್ಕಿಕೊಂಡ ಬಸ್ಸಿನಿಂದ ಇಳಿದು ನಡೆದೇ ಮುಂದೆ ಹೋದವರು ಈ ಭಾಗದಲ್ಲಿ ಎಷ್ಟೋ ಮಂದಿ.

ಇಷ್ಟು ಹತ್ತಿರದ ಎರಡು ಊರುಗಳ ನಡುವೆ ಹಳಿಯೇ ಇಲ್ಲದೆ ಹೋದದ್ದಕ್ಕೆ ಕಾರಣ ಹುಡುಕಲು ಹತ್ತೊಂಬತ್ತನೇ ಶತಮಾನಕ್ಕೆ ಹೋಗಬೇಕು. 1853ರ ಏಪ್ರಿಲ್ 16ರಂದು ಬೋರಿ ಬಂದರದಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಘಾಟ್ಕೋಪರಿನ ನೆಲದ ಮೇಲೆಯೇ ಹಾದುಹೋಯಿತು. ಅದನ್ನು ಓಡಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ. ಅದರ ಕಣ್ಣು ಘಟ್ಟದಾಚೆಯ ಹತ್ತಿಯ ಮೇಲೆ. ಹತ್ತು ವರ್ಷ ಕಳೆದ ಮೇಲೆ ಗುಜರಾತಿನ ಕಡೆಯಿಂದ ಪಶ್ಚಿಮ ಕರಾವಳಿಗುಂಟ ಇಳಿದು ಬಂದದ್ದು ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ಕಂಪನಿಯ ದಾರಿ. ಎರಡು ಕಂಪನಿ, ಎರಡು ಲೆಕ್ಕಪುಸ್ತಕ. ಎರಡಕ್ಕೂ ಬೇಕಾದದ್ದು ಬಂದರು. ಒಬ್ಬರ ಹಳಿಯನ್ನು ಇನ್ನೊಬ್ಬರ ಹಳಿಗೆ ಉಪನಗರದಲ್ಲಿ ಜೋಡಿಸುವುದರಲ್ಲಿ ಯಾರಿಗೂ ಲಾಭ ಕಾಣಲಿಲ್ಲ. 1951ರ ನವೆಂಬರ್ 5ರಂದು ಇವೇ ಎರಡು ಸೆಂಟ್ರಲ್ ರೈಲ್ವೆ ಮತ್ತು ವೆಸ್ಟರ್ನ್ ರೈಲ್ವೆ ವಲಯಗಳಾದವು. ಹೆಸರು ಬದಲಾಯಿತು, ಮಧ್ಯದ ಬಯಲು ಹಾಗೆಯೇ ಉಳಿಯಿತು. ಮೆಟ್ಟಿಲನ್ನೇ ಕೂರಿಸದ ಏಣಿಯ ಎರಡು ಕೋಲುಗಳಂತೆ ನಗರ ಉತ್ತರಕ್ಕೆ ಬೆಳೆಯುತ್ತಾ ಹೋಯಿತು.

ಅಡ್ಡಹಳಿ ಯಾರಿಗೂ ಹೊಳೆಯಲೇ ಇಲ್ಲವೆಂದಲ್ಲ. 1928ರಲ್ಲಿ ಟ್ರಾಂಬೆಯಿಂದ ಕುರ್ಲಾ ದಾಟಿ ಅಂಧೇರಿಗೆ ಹೋಗುವ, ಸುಮಾರು 13 ಕಿಲೋಮೀಟರ್ ಉದ್ದದ ಸಾಲ್ಸೆಟ್–ಟ್ರಾಂಬೆ ರೈಲು ಶುರುವಾಗಿತ್ತು. ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ ಎಂದೂ ಅದನ್ನು ಕರೆಯುತ್ತಿದ್ದರು. 1934ಕ್ಕೆ ಅದು ನಿಂತೇಹೋಯಿತು. ಕುರ್ಲಾದಿಂದ ಕಲೀನಾ ಕಡೆಗೆ ಹೋಗುವ ಸಿಎಸ್‌ಟಿ ರಸ್ತೆಯ ಹೆಸರು ಆ ಹಳಿಯ ಉಳಿದ ಗುರುತು. ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಕುರ್ಲಾದಲ್ಲಿ ಇಳಿದು ಆ ರಸ್ತೆಯಲ್ಲೇ ರಿಕ್ಷಾ ಹಿಡಿದು ಹೋದ ನಮ್ಮವರು ಸಾಕಷ್ಟಿದ್ದಾರೆ.

ಆ ರೈಲು ಬಂದ ಕಾಲ ತೀರಾ ಬೇಗವಾಯಿತು ಎಂದೇ ನನಗೆ ಅನ್ನಿಸುವುದು. ಆಗ ಸಾಲ್ಸೆಟ್ ಎಂದರೆ ಗದ್ದೆ, ಹಳ್ಳಿ, ತಾಳೆಮರ. ಜನ ಬಂದದ್ದು ಆಮೇಲೆ. ಅಂಧೇರಿಯಲ್ಲಿ ಎಂಐಡಿಸಿಯ ಕಾರ್ಖಾನೆಗಳು ಎದ್ದವು. 1973ರಲ್ಲಿ ಸೀಪ್ಝ್ ಎಂಬ ರಫ್ತು ವಲಯ ಬಂತು. ಸಾಕಿನಾಕಾ ಸುತ್ತ ಸಣ್ಣ ಸಣ್ಣ ವರ್ಕ್‌ಶಾಪುಗಳು ತುಂಬಿದವು. ಫೋರ್ಟಿನ ಹೋಟೆಲುಗಳಲ್ಲಿ ಹಗಲು ದುಡಿದು, ರಾತ್ರಿ ಶಾಲೆಗಳಲ್ಲಿ ಓದಿದ ತುಳು–ಕನ್ನಡಿಗರ ತಲೆಮಾರು ಘಾಟ್ಕೋಪರ್, ಭಾಂಡೂಪ್, ಡೊಂಬಿವಲಿಗಳಲ್ಲಿ ಮನೆ ಮಾಡಿತು. ಅವರ ಮಕ್ಕಳಿಗೆ ಕೆಲಸ ಸಿಕ್ಕಿದ್ದು ಫೋರ್ಟಿನಲ್ಲಲ್ಲ, ಅಂಧೇರಿಯಲ್ಲಿ. ಎಲ್ಲರೂ ಬೆಳಿಗ್ಗೆ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ ಎಂಬ ನೂರು ವರ್ಷದ ಲೆಕ್ಕ ಅಲ್ಲಿಗೆ ತಪ್ಪಿತು. ಹಳಿ ಇದ್ದಾಗ ಜನರಿರಲಿಲ್ಲ, ಜನ ಬಂದಾಗ ಹಳಿ ಇರಲಿಲ್ಲ.

2004ರಲ್ಲಿ ಮುಂಬಯಿ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರ (ಎಂಎಂಆರ್‌ಡಿಎ) 146.5 ಕಿಲೋಮೀಟರಿನ ಮೆಟ್ರೊ ಮಾಸ್ಟರ್ ಪ್ಲಾನ್ ಮುಂದಿಟ್ಟಿತು. ಅದರಲ್ಲಿ ಮೊದಲಿಗೆ ಕೈಗೆತ್ತಿಕೊಂಡದ್ದು ವರ್ಸೋವಾ–ಅಂಧೇರಿ–ಘಾಟ್ಕೋಪರ್ ಎಂಬ ಅಡ್ಡಮಾರ್ಗ. 11.4 ಕಿಲೋಮೀಟರ್, 12 ನಿಲ್ದಾಣ. ಈ ಆಯ್ಕೆಯನ್ನು ಮನಸಾರೆ ಮೆಚ್ಚಬೇಕು. ಕೊಲಾಬಾಕ್ಕೋ ವರಳಿಗೋ ಮೊದಲ ಮೆಟ್ರೊ ಹಾಕಿದ್ದರೆ ಹೆಚ್ಚು ಮೆರೆಯುತ್ತಿತ್ತು; ಅದನ್ನು ಬಿಟ್ಟು, ಬಸ್ಸಿನಲ್ಲಿ ಬೆವರುತ್ತಿದ್ದವರ ದಾರಿಯನ್ನೇ ಹಿಡಿದರು. 2006ರ ಜೂನ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅಡಿಗಲ್ಲು ಹಾಕಿದರು. ಖಾಸಗಿ ಪಾಲುದಾರಿಕೆಯ ಯೋಜನೆ: ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್‌ಗೆ ಶೇ 69, ಎಂಎಂಆರ್‌ಡಿಎಗೆ ಶೇ 26, ಫ್ರಾನ್ಸಿನ ವಿಯೋಲಿಯಾಗೆ ಶೇ 5 ಪಾಲು. ಕೆಲಸ ಶುರುವಾದದ್ದು 2008ರಲ್ಲಿ. ಕಿಷ್ಕಿಂಧೆಯಂಥ ರಸ್ತೆಯ ನಡುವೆ ಕಂಬ ಎಬ್ಬಿಸಬೇಕು, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯನ್ನು ಕೇಬಲ್ ಸೇತುವೆಯಲ್ಲಿ ದಾಟಬೇಕು, ಅಂಧೇರಿಯಲ್ಲಿ ಗಾಡಿಗಳು ಓಡುತ್ತಿರುವ ಹಳಿಗಳ ಮೇಲೆ ಉಕ್ಕಿನ ಸೇತುವೆ ಕೂರಿಸಬೇಕು. 2014ರ ಜೂನ್ 8ರಂದು ಮೊದಲ ಗಾಡಿ ಓಡಿತು. ಇಡೀ ದಾರಿಗೆ 21 ನಿಮಿಷ. ಆಮೇಲೆ ಟಿಕೆಟ್ ದರದ ಜಗಳ ಬಹಳ ಕಾಲ ನಡೆಯಿತು. 110 ರೂಪಾಯಿವರೆಗೂ ಏರಿಸಬಹುದೆಂಬ ಸಮಿತಿಯ ಶಿಫಾರಸನ್ನು ಬಾಂಬೆ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ತಳ್ಳಿಹಾಕಿತು.

ಅಸಲ್ಫಾದ ಗುಡ್ಡ, 2017ರ ಕೊನೆಗೆ ಬಣ್ಣ ಬಳಿಸಿಕೊಂಡ ಅದರ ಮನೆಗಳು, ಈಗ ಮೆಟ್ರೊ ಕಿಟಕಿಯಿಂದ ಕಾಣುತ್ತವೆ. ಅಲ್ಲಿಂದ ಘಾಟ್ಕೋಪರ್ ಎರಡೇ ಸ್ಟಾಪು. ಈ ಕತೆಯ ಕಷ್ಟದ ಭಾಗ ಇರುವುದು ಆ ಕೊನೆಯ ಸ್ಟಾಪಿನಲ್ಲಿ.

ಲೋಕಲಿನ ಹಳಿ ಬ್ರಾಡ್‌ಗೇಜ್, 1676 ಮಿಲಿಮೀಟರ್. ಮೆಟ್ರೊದ್ದು ಸ್ಟ್ಯಾಂಡರ್ಡ್‌ಗೇಜ್, 1435. ಒಂದರ ಗಾಡಿ ಇನ್ನೊಂದರ ಮೇಲೆ ಓಡುವ ಮಾತೇ ಇಲ್ಲ. ಹಾಗಾಗಿ ಎರಡು ಹಳಿಗಳನ್ನು ಕೂಡಿಸುವುದು ಮನುಷ್ಯರ ಕಾಲು ಮಾತ್ರ. ಬೆಳಿಗ್ಗೆ ಒಂಬತ್ತಕ್ಕೆ ಕಲ್ಯಾಣ ಕಡೆಯಿಂದ ಬಂದ ಫಾಸ್ಟ್ ಗಾಡಿ ನಿಂತಾಗ ನೋಡಬೇಕು. ಡಬ್ಬಾ ಖಾಲಿಯಾಗಿ ಜನ ಒಟ್ಟಿಗೇ ಮೆಟ್ಟಿಲಿನ ಕಡೆ ತಿರುಗುತ್ತಾರೆ. ಮೇಲೆ ಹೋಗುವವರಿಗೂ ಕೆಳಗೆ ಬರುವವರಿಗೂ ಅದೇ ಮೆಟ್ಟಿಲು. ಬ್ರಿಜ್ಜು ದಾಟಿ ಪಶ್ಚಿಮಕ್ಕೆ ಬಂದರೆ ಬ್ಯಾಗು ತಪಾಸಣೆಯ ಯಂತ್ರ, ಆಮೇಲೆ ಗೇಟು, ಆಮೇಲೆ ಮತ್ತೆ ಮೆಟ್ಟಿಲು. ಮೇಲೆ ಮೆಟ್ರೊ ಐದು ನಿಮಿಷ ತಡವಾದರೆ ಸಾಲು ಹಿಮ್ಮುಖವಾಗಿ ಬೆಳೆದು ರೈಲ್ವೆ ಬ್ರಿಜ್ಜಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಕೆಳಗೆ ಇನ್ನೊಂದು ಲೋಕಲ್ ಬಂದಿರುತ್ತದೆ. ಮೆಟ್ರೊದಲ್ಲಿ ಪ್ಲಾಟ್‌ಫಾರ್ಮೂ ಗಾಡಿಯ ನೆಲವೂ ಸಮ. ಬಾಗಿಲು ಮುಚ್ಚಿದ ಮೇಲೆಯೇ ಗಾಡಿ ಹೊರಡುತ್ತದೆ. ಕೆಳಗೆ, 2014ರ ಜನವರಿಯಲ್ಲಿ, ಮೆಟ್ರೊ ಬರಲು ಐದು ತಿಂಗಳಿದ್ದಾಗ, ವಿದ್ಯಾರ್ಥಿನಿಯೊಬ್ಬಳು ಗಾಡಿ–ಪ್ಲಾಟ್‌ಫಾರ್ಮ್ ನಡುವಿನ ಸಂದಿಗೆ ಜಾರಿ ಎರಡೂ ಕೈ ಕಳೆದುಕೊಂಡಳು. ಮುಂಬಯಿಯ ಪ್ಲಾಟ್‌ಫಾರ್ಮುಗಳನ್ನು ಎತ್ತರಿಸುವ ಕೆಲಸಕ್ಕೆ ಚುರುಕು ಬಂದದ್ದು ಆ ಬಳಿಕ.

ಜನರನ್ನು ತಂದು ಸುರಿಯುವ ಗಾಡಿಗಳನ್ನು ಹೆಚ್ಚಿಸಿ, ಅವರು ನಡೆಯುವ ಬ್ರಿಜ್ಜನ್ನು ಹಳೆಯ ಅಳತೆಯಲ್ಲೇ ಬಿಟ್ಟರೆ ಏನಾಗುತ್ತದೆಂಬುದನ್ನು ಮುಂಬಯಿ 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದಲ್ಲಿ ಕಂಡಿತು. ಮಳೆಗೆ ಬ್ರಿಜ್ಜಿನ ಮೇಲೆ ಸಿಲುಕಿದ ಜನರ ನೂಕುನುಗ್ಗಲಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಗೆ ಹೊಸ ಬ್ರಿಜ್ಜು ಮೊದಲೇ ಮಂಜೂರಾಗಿತ್ತು. ಆದರೆ ಅದು ಎದ್ದುನಿಂತದ್ದು ಸಾವಿನ ನಂತರ, ಸೇನೆಯ ಕೈಯಿಂದ.

ಘಾಟ್ಕೋಪರಿನಲ್ಲಿ ಮುಂಬಯಿ ರೈಲ್ವೆ ವಿಕಾಸ ನಿಗಮ (ಎಂಆರ್‌ವಿಸಿ) ಈಗ ಎತ್ತರದ ಡೆಕ್, ಅಗಲ ಬ್ರಿಜ್ಜುಗಳ ಕೆಲಸ ಹಿಡಿದಿದೆ. ಮೆಟ್ರೊ ಮತ್ತು ಡೆಕ್ ಒಟ್ಟಿಗೇ ಬರಬೇಕಿತ್ತು ಎಂಬ ನನ್ನ ಅಸಮಾಧಾನ ಇಂದಿಗೂ ಕಡಿಮೆಯಾಗಿಲ್ಲ. ಮೆಟ್ರೊ ಗಾಡಿಗಳಿಗೆ ಇನ್ನೂ ನಾಲ್ಕೇ ಡಬ್ಬ. ನಿಲ್ದಾಣಗಳಲ್ಲಿ ಆರಕ್ಕೆ ಜಾಗವಿದೆ. ಆ ಎರಡು ಡಬ್ಬ ಸೇರಿಸುವುದಕ್ಕೆ ಹೊಸ ಜಮೀನು ಬೇಡ, ಹೊಸ ಕಂಬ ಬೇಡ. ಕೆಳಗಿನ ಹಳಿಗಳಲ್ಲಿ ಠಾಣೆ–ದಿವಾ ನಡುವಿನ ಐದು, ಆರನೆಯ ಲೈನು 2022ರ ಫೆಬ್ರವರಿಯಲ್ಲಿ ಮುಗಿಯಿತು. 2008ರಷ್ಟು ಹಿಂದೆಯೇ ಮಂಜೂರಾದ ಕುರ್ಲಾ–ಸಿಎಸ್‌ಎಂಟಿ ಭಾಗ ಪರೇಲಿನ ಆಸುಪಾಸಿನ ಜಾಗಕ್ಕಾಗಿ ಹೆಣಗುತ್ತಲೇ ಬಂತು. ಅದು ಮುಗಿದರೆ ದೂರದೂರಿನ ಗಾಡಿಗಳಿಗೆ ಅವುಗಳದ್ದೇ ಹಳಿ, ಲೋಕಲುಗಳಿಗೆ ಅವುಗಳದ್ದೇ ಹಳಿ. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಲ್ಲಿ ನೇತಾಡುತ್ತಿದ್ದ ನಾಲ್ವರು ಬಿದ್ದು ಸತ್ತ ಮೇಲೆ, ಎಸಿ ಇಲ್ಲದ ಹೊಸ ಲೋಕಲುಗಳಿಗೂ ತಾನಾಗಿ ಮುಚ್ಚುವ ಬಾಗಿಲು ಇಡುವುದಾಗಿ ರೈಲ್ವೆ ಹೇಳಿತು. ಬಾಗಿಲು ಬೇಕೇ ಬೇಕು. ಆದರೆ ಡಬ್ಬಾದಲ್ಲಿ ಒಂದು ಚದರ ಮೀಟರಿಗೆ 14–16 ಜನ ನಿಲ್ಲುವ ತನಕ ಅದು ಮುಚ್ಚುವುದೂ ಕಷ್ಟವೇ. ಗಾಡಿಗಳು ಹೆಚ್ಚಬೇಕು, ಅದಕ್ಕೆ ಹಳಿ ಬಿಡುವಾಗಬೇಕು.

ಒಂದು ಅಡ್ಡಹಳಿ ಎಷ್ಟು ಬಾಗಿಲು ತೆರೆಯಬಲ್ಲದು ಎಂಬುದಕ್ಕೆ ಮರೋಳ್ ನಾಕಾ ಸಾಕ್ಷಿ. ಆರೆಯಿಂದ ಕಫ್ ಪರೇಡ್‌ವರೆಗಿನ ನೆಲದಡಿಯ ಮೂರನೇ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆದ ಮೇಲೆ ಘಾಟ್ಕೋಪರಿನವರು ಅಲ್ಲಿ ಗಾಡಿ ಬದಲಿಸಿ ವಿಮಾನ ನಿಲ್ದಾಣಕ್ಕೂ ಬಿಕೆಸಿಗೂ ಹೋಗಬಲ್ಲರು. ಅದೇ ತಿಂಗಳು ಬಂದ ‘ಮುಂಬಯಿ ವನ್’ ಆ್ಯಪ್‌ನಲ್ಲಿ ಲೋಕಲ್, ಮೆಟ್ರೊ, ಬೆಸ್ಟ್ ಸೇರಿ 11 ಸಂಸ್ಥೆಗಳ ಟಿಕೆಟ್ ಒಂದೇ ಕಡೆ ಸಿಗುತ್ತದೆ.

ಇನ್ನು ನಾಲ್ಕನೇ ಮಾರ್ಗ: ವಡಾಲಾದಿಂದ ಠಾಣೆಯ ಕಾಸರವಡವಲಿಗೆ 32 ಕಿಲೋಮೀಟರ್. ಠಾಣೆ ತುದಿಯಲ್ಲಿ 2025ರ ಸೆಪ್ಟೆಂಬರಿನಲ್ಲಿ ಪರೀಕ್ಷಾ ಓಟ ನಡೆಯಿತು. ಘಾಟ್ಕೋಪರಿನಲ್ಲಿ ಅದು ಪೂರ್ವದ ಪಂತನಗರ, ಲಕ್ಷ್ಮೀನಗರಗಳಲ್ಲಿ ನಿಲ್ಲುತ್ತದೆ. ರೈಲ್ವೆ ನಿಲ್ದಾಣವನ್ನಾಗಲಿ ಒಂದನೇ ಮೆಟ್ರೊವನ್ನಾಗಲಿ ಮುಟ್ಟುವುದಿಲ್ಲ. ಜುಲೈ ಮಳೆಯಲ್ಲಿ, ಕೈಯಲ್ಲಿ ಮಗು, ಹೆಗಲಲ್ಲಿ ಬ್ಯಾಗು ಇರುವವರು ನಡುವಿನ ಗಲ್ಲಿಗಳನ್ನು ದಾಟಿ ಲೋಕಲಿಗೆ ಬರಬೇಕು. ಪಂತನಗರದಿಂದ ನಿಲ್ದಾಣದ ಹೊಸ ಡೆಕ್‌ವರೆಗೆ ಸೂರಿರುವ, ಲಿಫ್ಟ್ ಇರುವ ನಡೆದಾರಿಯ ಖರ್ಚು ಮಾರ್ಗದ ಅಂದಾಜಿನಲ್ಲೇ ಸೇರಲಿ, ಈ ಭಾಗಕ್ಕೆ ಮೊದಲ ಗಾಡಿ ಬರುವ ದಿನವೇ ಅದೂ ತೆರೆಯಲಿ.