ಡಾಂಗ್ ಜಿಲ್ಲೆಯ ನೆಲ, ಜನ ಮತ್ತು ನುಡಿ

ಗುಜರಾತಿನ ಆಗ್ನೇಯ ತುದಿಯಲ್ಲಿ, ಸಹ್ಯಾದ್ರಿಯ ಉತ್ತರದ ಸಾಲುಗಳ ಮೇಲೆ ಡಾಂಗ್ ಜಿಲ್ಲೆ ಹರಡಿಕೊಂಡಿದೆ. ಅಹಮದಾಬಾದಿನ ಬೋಡಕ್‌ದೇವ್‌ನಂತಹ ಬಡಾವಣೆಯವರಿಗೆ ಅದು ಬಹುಮಟ್ಟಿಗೆ ಸಾಪುತಾರಾ ಗಿರಿಧಾಮ ಮಾತ್ರ. ಜಿಲ್ಲೆಯ ವಿಸ್ತೀರ್ಣ ಸುಮಾರು 1,764 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 2,28,291. ಇವರಲ್ಲಿ ಶೇಕಡಾ 94ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಕುಂಕಣಾ, ಭಿಲ್ಲ, ವಾರ್ಲಿ ಜನರೇ ಪ್ರಮುಖರು. ಬಿದಿರು ಹೆಣೆಯುವ ಕೋಟವಾಳಿಯಾ ಕುಟುಂಬಗಳೂ ಉಂಟು.

ಜಿಲ್ಲೆಯ ಅರ್ಧಕ್ಕೂ ಹೆಚ್ಚು ಭಾಗ ಕಾಡು. ಅದರಲ್ಲಿ ತೇಗ ಹೇರಳ. ಮಳೆಗೆ ಕೊರತೆಯಿಲ್ಲ; ಆದರೆ ಕಡಿದಾದ ಇಳಿಜಾರಿನಲ್ಲಿ ನೀರು ನಿಲ್ಲದೆ ಅಂಬಿಕಾ, ಪೂರ್ಣಾ ನದಿಗಳ ಪಾಲಾಗುವುದರಿಂದ ಬೇಸಗೆಯಲ್ಲಿ ಊರುಗಳು ಬಾಯಾರುತ್ತವೆ. ಇಳಿಜಾರಿನ ಹೊಲಗಳಲ್ಲಿ ಬೆಳೆಯುವ ‘ನಾಗಲಿ’ ನಮ್ಮ ರಾಗಿಯೇ. ಸುಗ್ಗಿ ಮುಗಿದೊಡನೆ ಅನೇಕ ಕುಟುಂಬಗಳು ಸೂರತ್ ಸೀಮೆಗೆ ಕಬ್ಬು ಕಡಿಯಲು ಇಳಿಯುತ್ತವೆ.

1842ರಲ್ಲಿ ಬ್ರಿಟಿಷರು ಇಲ್ಲಿಯ ಭಿಲ್ಲ ಅರಸರಿಂದ ಕಾಡನ್ನು ಗುತ್ತಿಗೆಗೆ ಪಡೆದರು. ಆ ವಂಶಸ್ಥರಿಗೆ ಹೋಳಿಗೆ ಮುನ್ನ ಆಹವಾದಲ್ಲಿ ನಡೆಯುವ ‘ಡಾಂಗ್ ದರ್ಬಾರ್’ನಲ್ಲಿ ಇಂದಿಗೂ ವರ್ಷಾಶನ ಸಲ್ಲುತ್ತದೆ.

ನಮಗೆ ಹೆಚ್ಚು ಮುಖ್ಯವೆನಿಸುವುದು ನುಡಿಯ ಪ್ರಶ್ನೆ. ಗ್ರಿಯರ್ಸನ್ನರ ಭಾಷಾ ಸರ್ವೇಕ್ಷಣೆಯು ಡಾಂಗಿಯನ್ನು ಖಾನದೇಶಿಯೊಡನೆ ಇರಿಸಿತು. 1949ರಲ್ಲಿ ಮುಂಬಯಿ ಪ್ರಾಂತ್ಯದ ಬಿ.ಜಿ. ಖೇರ್ ಹಾಗೂ ಮೊರಾರ್ಜಿ ದೇಸಾಯಿಯವರು ಇಲ್ಲಿ ಸಂಚರಿಸಿ, ಅದು ಗುಜರಾತಿಗೆ ಹತ್ತಿರವೆಂದು ಸಾರಿದರು. ಮರಾಠಿಯ ಪಕ್ಷದವರು ಒಪ್ಪಲಿಲ್ಲ. 1960ರಲ್ಲಿ ರಾಜ್ಯ ವಿಭಜನೆಯಾದಾಗ ಡಾಂಗ್ ಗುಜರಾತಿಗೆ ಸೇರಿತು, ಶಾಲೆಯ ನುಡಿ ಗುಜರಾತಿಯಾಯಿತು. ಗಡಿಯ ವಾದದಲ್ಲಿ ಎರಡು ಸಾಹಿತ್ಯಭಾಷೆಗಳು ತಮ್ಮ ತಮ್ಮ ಹಕ್ಕು ಮಂಡಿಸಿದವೇ ಹೊರತು, ಆಡುವವರ ನುಡಿಯನ್ನು ಅದರದೇ ನೆಲೆಯಲ್ಲಿ ನೋಡಿದವರು ವಿರಳ. ಕನ್ನಡಿಗರಾದ ನಾವೂ ಇದಕ್ಕೆ ಹೊರತೆನ್ನಲಾಗದು: ಭಾಷಾವಿಜ್ಞಾನಿಗಳಲ್ಲಿ ಹಲವರು ಬೇರೆ ನುಡಿಯೆಂದು ಪರಿಗಣಿಸುವ ನೀಲಗಿರಿಯ ಬಡಗವನ್ನು 2011ರ ಜನಗಣತಿ ಕನ್ನಡದ ಅಡಿಯಲ್ಲೇ ಎಣಿಸಿದೆ.

ಈ ನುಡಿಗಳಿಗೆ ಸಾಹಿತ್ಯವಿಲ್ಲವೆಂಬ ಮಾತನ್ನು ಕುಂಕಣರ ‘ಥಾಳಿ ಕಥಾ’ ಸುಳ್ಳಾಗಿಸುತ್ತದೆ. ಕಂಚಿನ ತಟ್ಟೆಯ ನಡುವೆ ಜೇನುಮೇಣದಿಂದ ಸಣ್ಣ ಕಡ್ಡಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಕಥೆಗಾರನು ಅದನ್ನು ಬೆರಳುಗಳಿಂದ ಮೇಲಿನಿಂದ ಕೆಳಕ್ಕೆ ನೀವುತ್ತಾನೆ. ತಟ್ಟೆ ಎಡೆಬಿಡದೆ ಗುಂಯ್‌ಗುಡುತ್ತದೆ. ಆ ಶ್ರುತಿಯ ಮೇಲೆ ರಾಮಕಥೆ, ದೇವರ ಕಥೆಗಳು ಸಾಗುತ್ತವೆ. ನಮ್ಮ ಕಂಸಾಳೆಯವರ ತಾಳ ಕಥೆಗೆ ಹೆಜ್ಜೆ ಕೊಡುತ್ತದೆ. ಇಲ್ಲಿಯ ತಟ್ಟೆ ಹೆಜ್ಜೆ ಕೊಡುವುದಿಲ್ಲ, ಉಸಿರು ಕೊಡುತ್ತದೆ. ಡಾಹ್ಯಾಭಾಯಿ ವಾಢು ಅವರು ಇಂತಹ ಕಥೆಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಮಲೆಮಹದೇಶ್ವರ ಕಾವ್ಯದ ಅಧ್ಯಯನಕಾರರು ಇವನ್ನು ಎದುರಿಗಿಟ್ಟುಕೊಂಡು ಓದಬೇಕಾಗಿದೆ. ಮುದ್ರಣದಲ್ಲಿ ತಟ್ಟೆಯ ನಾದ ಬರಲಾರದ್ದರಿಂದ, ಹಾಡುವವರು ಇರುವಾಗಲೇ ಧ್ವನಿಮುದ್ರಣವೂ ಆಗಬೇಕು.